ಕುರುಬನ ಕೋಲೂ ಸರಕಾರದ ಕಾಗದವೂ

ಪಶುಸಂಗೋಪನ ಇಲಾಖೆಯ ಹೊತ್ತಗೆಗಳಲ್ಲಿಯೂ ಬ್ಯಾಂಕುಗಳ ಸಾಲಪತ್ರಗಳಲ್ಲಿಯೂ ‘ವೈಜ್ಞಾನಿಕ ಕುರಿಸಾಕಣೆ’ ಎಂಬ ಮಾತು ಮೇಲಿಂದ ಮೇಲೆ ಕಾಣಬರುತ್ತದೆ. ಮಾತೇನೋ ಅಂದವಾಗಿದೆ. ಆದರೆ ಅದರ ಬೆನ್ನಿಗೆ ಆಡದೆ ಉಳಿದ ಇನ್ನೊಂದು ಮಾತು ಅಂಟಿಕೊಂಡಿರುವುದು. ಏನೆಂದರೆ, ಇಷ್ಟು ಕಾಲ ಈ ನಾಡಿನಲ್ಲಿ ಕುರಿಗಳನ್ನು ಸಾಕಿದವರು ವಿಜ್ಞಾನವನ್ನರಿಯದವರು. ಕೋಲು ಹಿಡಿದು ಹಿಂಡಿನ ಹಿಂದೆ ಅಲೆಯುವುದೇ ಅವರ ಅಜ್ಞಾನದ ಗುರುತು. ಅವರನ್ನು ಒಂದೆಡೆ ನಿಲ್ಲಿಸಿದರೆ ಅವರ ಉದ್ಧಾರವಾಯಿತು. ಈ ಎರಡನೆಯ ಮಾತು ನಿಜವಲ್ಲ. ಕುರುಬನ ಅಲೆದಾಟವು ಅವನ ವಿದ್ಯೆಯ ಕೊರತೆಯಲ್ಲ. ಅದೇ ಅವನ ವಿದ್ಯೆ. ಇದನ್ನು ತಿಳಿಯದೆ ಕಟ್ಟಿದ ಸರಕಾರದ ಧೋರಣೆಯಿಂದ ಕುರುಬನಿಗೂ ಹೊಲದೊಡೆಯನಿಗೂ ನೆಲಕ್ಕೂ ಹಾನಿಯೇ ಆಗುತ್ತ ಬಂದಿದೆ. ಇದನ್ನು ತೋರಿಸಲು ದೂರ ಹೋಗಬೇಕಾದುದಿಲ್ಲ. ಬೇಮಳಖೇಡದ ಸುತ್ತಲಿನ ಸೀಮೆಯನ್ನು ನೋಡಿದರೆ ಸಾಕು.

ಬೀದರ ಜಿಲ್ಲೆಯ ನೆಲವು ಮುಖ್ಯವಾಗಿ ಎರಡು ಬಗೆಯದು. ಮೇಲೆ ಜಂಬಿಟ್ಟಿಗೆಯ ಕೆಂಪು ದಿನ್ನೆ. ತಗ್ಗಿನಲ್ಲಿಯೂ ಹೊಳೆಗಳ ಬದಿಯಲ್ಲಿಯೂ ಎರೆಭೂಮಿ. ಮಳೆಗಾಲದಲ್ಲಿ ಎರೆಯು ಕೆಸರಾಗಿ ಕಾಲಿಗಂಟುತ್ತದೆ. ಅಲ್ಲಿ ನಿಂತ ಕುರಿಯ ಗೊರಸು ಕೊಳೆಯುತ್ತದೆ. ಹೊಲಗಳಲ್ಲಿ ಉದ್ದು, ಹೆಸರು, ತೊಗರಿ, ಸೋಯಾ ನಿಂತಿರುವುದರಿಂದ ಹಿಂಡಿಗೆ ಅಲ್ಲಿ ಎಡೆಯೂ ಇಲ್ಲ. ಆದುದರಿಂದ ಮಳೆಯ ದಿನಗಳಲ್ಲಿ ಹಿಂಡು ನೀರು ನಿಲ್ಲದ ಕೆಂಪು ದಿನ್ನೆಗಳ ಮೇಲಿನ ಹಸಿ ಹುಲ್ಲನ್ನು ಮೇಯಬೇಕು. ಸುಗ್ಗಿ ಮುಗಿದ ಮೇಲೆ ಅದೇ ಹಿಂಡು ಎರೆಯ ಹೊಲಗಳಿಗೆ ಇಳಿದು, ಜೋಳದ ಕೂಳೆ, ತೊಗರಿಯ ಉದುರೆಲೆ, ಬದುವಿನ ಹುಲ್ಲು, ಬೇಸಗೆಯಲ್ಲಿ ಜಾಲಿಯ ಕಾಯಿ, ಇವುಗಳಿಂದ ಹೊಟ್ಟೆ ಹೊರೆದುಕೊಳ್ಳಬೇಕು. ಮನುಷ್ಯನು ತಿನ್ನಲಾರದ, ಮಾರಲಾರದ, ಕೊಯ್ದಿಡಲಾರದ ವಸ್ತುವನ್ನು ಮಾಂಸವಾಗಿ, ಉಣ್ಣೆಯಾಗಿ, ಗೊಬ್ಬರವಾಗಿ ಮಾರ್ಪಡಿಸುವ ಉಪಾಯವಿದು. ಇದರಲ್ಲಿ ನಡಿಗೆಯನ್ನು ತೆಗೆದುಹಾಕಿದರೆ ಉಳಿಯುವುದೇನು?

ಮೇಲಾಗಿ, ಈ ಸೀಮೆಯ ಮಳೆಯು ನಂಬತಕ್ಕುದಲ್ಲ. ೨೦೧೫ರಲ್ಲಿ ಬೀದರ ಜಿಲ್ಲೆಯು ಬರದಿಂದ ಬೆಂದಿತು. ಮರುವರ್ಷ, ೨೦೧೬ರ ಸೆಪ್ಟೆಂಬರಿನಲ್ಲಿ, ಅದೇ ಜಿಲ್ಲೆಯಲ್ಲಿ ಹಳ್ಳಕೊಳ್ಳಗಳು ಉಕ್ಕಿ ಬೆಳೆ ಕೊಚ್ಚಿಹೋಯಿತು. ಒಂದೂರಿನಲ್ಲಿ ಸುರಿದ ಮಳೆ ಎರಡು ಹರದಾರಿಯಾಚೆಯ ಊರಿನಲ್ಲಿ ಬೀಳದಿರುವುದೂ ಉಂಟು. ಇಂಥ ನಾಡಿನಲ್ಲಿ ಹುಲ್ಲು ಎಲ್ಲಿ ಬೆಳೆಯುವುದೆಂದು ಮುಂದಾಗಿ ಹೇಳಬಲ್ಲವರಾರು? ಹುಲ್ಲು ಬೆಳೆದ ಕಡೆಗೆ ಹೋಗಬಲ್ಲವನೇ ಜಾಣನು. ಯಾವ ಹಳ್ಳದಲ್ಲಿ ಮಾಘಮಾಸದವರೆಗೆ ನೀರಿರುವುದು, ಯಾವ ಊರಿನ ಗೌಡನು ಹಿಂಡನ್ನು ಬರಗೊಡುವನು, ಯಾವ ಸೊಪ್ಪು ಹಸಿದ ಹೊಟ್ಟೆಗೆ ವಿಷವಾಗುವುದು, ಯಾವ ಹೊಲಕ್ಕೆ ಔಷಧ ಸಿಂಪಡಿಸಿದೆ, ಇವೆಲ್ಲ ಕುರುಬನ ನೆನಪಿನಲ್ಲಿರುವ ಪಂಚಾಂಗ. ಅದನ್ನು ಅವನು ಬರೆದಿಟ್ಟಿಲ್ಲವೆಂದು ಅದು ಜ್ಞಾನವಲ್ಲವೆನ್ನಬಹುದೆ?

ಹಿಂಡಿನ ಕಟ್ಟಣೆಯಲ್ಲಿಯೂ ಇದೇ ವಿವೇಕವಿದೆ. ಕುರಿಗಳ ನಡುವೆ ನಾಲ್ಕಾರು ಆಡುಗಳಿರುವುವು. ಅವು ಮುಂದೆ ನಡೆದು ದಾರಿ ಹಿಡಿಯುತ್ತವೆ, ತಬ್ಬಲಿ ಮರಿಗಳಿಗೂ ಕುರುಬನ ಸಂಸಾರಕ್ಕೂ ಹಾಲು ಕೊಡುತ್ತವೆ. ಬೀಜದ ಟಗರನ್ನು ಆರಿಸುವಾಗ ಕುರುಬನು ಮರಿಯ ತೂಕವೊಂದನ್ನೇ ನೋಡುವುದಿಲ್ಲ. ತಾಯಿಯ ಹಾಲು, ಕಾಲಿನ ಗಟ್ಟಿತನ, ಮೈಯ ಕಪ್ಪು, ಬಿಸಿಲಿನಲ್ಲಿ ನಡೆಯುವ ತಾಳ್ಮೆ, ಇಷ್ಟನ್ನೂ ನೋಡಿ ಒಂದನ್ನು ಉಳಿಸಿ, ಮಿಕ್ಕವನ್ನು ಮಾರುತ್ತಾನೆ, ಇಲ್ಲವೆ ಬೀಜ ಒಡೆಸುತ್ತಾನೆ. ಹೀಗೆ ತಲೆತಲಾಂತರದಿಂದ ಆರಿಸುತ್ತ ಬಂದುದರ ಫಲವೇ ದಖನಿ ಎಂಬ ಕರಿಯ ಕುರಿ. ಅದು ಗಾತ್ರದಲ್ಲಿ ದೊಡ್ಡದಲ್ಲ. ಅದರ ಉಣ್ಣೆ ಒರಟು. ಆದರೆ ಅದು ದಿನವೆಲ್ಲ ನಡೆಯಬಲ್ಲದು, ಬಡಮೇವಿನಲ್ಲಿ ಬದುಕಬಲ್ಲದು, ಬಯಲಿನಲ್ಲಿ ಇರುಳು ಕಳೆಯಬಲ್ಲದು. ವರ್ಷಕ್ಕೆ ಎರಡು ಸಲ ಕತ್ತರಿಸಿದ ಆ ಉಣ್ಣೆಯನ್ನು ಹೆಂಗಸರು ಹಿಂಜಿ ನೂಲುವರು. ಹುಣಿಸೆಬೀಜದ ಗಂಜಿಯನ್ನು ಹಾಸಿಗೆ ಎರೆದು ನೆಯ್ದರೆ ಕಂಬಳಿಯಾಯಿತು. ಮಳೆಗೂ ಚಳಿಗೂ ಒದಗುವ ಆ ಕಂಬಳಿಯೇ ಕುರುಬನಿಗೆ ಮನೆ.

ಇನ್ನು ಹೊಲದ ಮಾತು. ಸುಗ್ಗಿಯ ನಂತರ ಒಕ್ಕಲಿಗನು ಕುರುಬನನ್ನು ಕರೆದು ತನ್ನ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾನೆ. ಅದಕ್ಕಾಗಿ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಇರುಳೆಲ್ಲ ಮಲಗಿದ ಹಿಂಡಿನ ಹಿಕ್ಕೆಯೂ ಗಂಜಳವೂ, ಹೊರುವ ಕೂಲಿಯಿಲ್ಲದೆ, ನೇರವಾಗಿ ಮಣ್ಣಿಗೆ ಸೇರುವುವು. ಈ ಕೊಡುಕೊಳ್ಳುವಿಕೆಗೆ ಕರಾರುಪತ್ರವಿಲ್ಲ. ರಸಗೊಬ್ಬರಕ್ಕಾಗಿ ಪ್ರತಿವರ್ಷವೂ ಬೊಕ್ಕಸದಿಂದ ಅಪಾರ ಹಣವನ್ನು ತೆರುವ ಸರಕಾರವು, ಕುರುಬನು ತನ್ನ ಕಾಲಿನಿಂದಲೇ ಹೊಲಕ್ಕೆ ತಲುಪಿಸುವ ಗೊಬ್ಬರವನ್ನು ಯಾವ ಲೆಕ್ಕದಲ್ಲಿಯೂ ಕಾಣಿಸದಿರುವುದು ವಿಚಿತ್ರವಲ್ಲವೆ?

ಇದು ಕುರುಬನ ಶಾಸ್ತ್ರ. ಇದಕ್ಕೆ ಸರಕಾರವು ಇದಿರಾಗಿ ಇಟ್ಟುದೇನು? ಮೊದಲನೆಯದು ಬೀಜದ ವಿಷಯ. ದಖನಿಯ ಉಣ್ಣೆ ಒರಟೆಂದು ನಿರ್ಣಯಿಸಿದ ಅಧಿಕಾರಿಗಳು ಹೊರದೇಶದ ಟಗರುಗಳನ್ನು ತರಿಸಿದರು. ೧೯೬೨ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಕೇಂದ್ರದ ಕುರಿ ಮತ್ತು ಉಣ್ಣೆಯ ಸಂಶೋಧನಾಲಯ ಹುಟ್ಟಿತು. ಆಸ್ಟ್ರೇಲಿಯದ ನೆರವಿನಿಂದ ಹಿಸಾರದಲ್ಲಿ ಕೊರಿಡೇಲ್ ಜಾತಿಯ ಕುರಿಗಳ ಕ್ಷೇತ್ರವಾಯಿತು. ಮಹಾರಾಷ್ಟ್ರದ ರಾಹುರಿಯಲ್ಲಿ ದಖನಿ ಕುರಿಗೇ ಮೆರಿನೋ, ರಾಂಬುಲೆ ಜಾತಿಗಳ ರಕ್ತವನ್ನು ಬೆರಸಿ ನೋಡಿದರು. ನೂಲು ನಯವಾದುದು ನಿಜ. ಆದರೆ ಕೊಟ್ಟಿಗೆಯಲ್ಲಿ ತೂಗಿ ಹಾಕಿದ ಮೇವನ್ನು ತಿಂದು ಬೆಳೆದ ಆ ಮಿಶ್ರತಳಿಯು ಬಿಸಿಲಿನ ದಾರಿಗೆ ಒಗ್ಗಲಿಲ್ಲ. ಅಲೆಯುವ ಹಿಂಡುಗಳಲ್ಲಿ ನೆಲೆಯೂರಲಿಲ್ಲ. ಮುಂದೆ ಉಣ್ಣೆಯ ಮಾತೇ ಬದಿಗೆ ಸರಿದು, ಮಾಂಸವೇ ಮುಖ್ಯವೆಂಬ ಕಾಲ ಬಂದಿತು. ಒಂದು ತಲೆಮಾರಿನ ಹಿಂದೆ ನಯವಾದ ಉಣ್ಣೆ ಬೇಕೆಂದವರು ಈಗ ಉಣ್ಣೆಯೇ ಬೇಡವೆನ್ನುತ್ತಾರೆ. ಎರಡು ಸಲವೂ ಕೇಳದೆ ಬಿಟ್ಟುದು ಒಬ್ಬನನ್ನೇ, ಕುರಿಯೊಡನೆ ನಡೆಯುವವನನ್ನು.

‘ಕುರುಬರೇ ಕರಿಯ ಕುರಿಯನ್ನು ಬಿಟ್ಟು, ಉಣ್ಣೆಯಿಲ್ಲದ ಮಾಡಗ್ಯಾಳ, ನೆಲ್ಲೂರು ಟಗರುಗಳನ್ನು ಹಿಂಡಿಗೆ ಬಿಡುತ್ತಿಲ್ಲವೆ?’ ಎಂದು ಕೆಲವರು ಕೇಳುವರು. ಬಿಡುತ್ತಿದ್ದಾರೆ, ಸುಳ್ಳಲ್ಲ. ಆದರೆ ಏತಕ್ಕೆ? ಗಿರಣಿಯ ರಗ್ಗೂ ಹೊರನಾಡಿನ ಉಣ್ಣೆಯೂ ಪೇಟೆಯನ್ನು ತುಂಬಿದಾಗ ಕಂಬಳಿಯ ಬೆನ್ನಿಗೆ ನಿಲ್ಲುವವರಾರೂ ಇರಲಿಲ್ಲ. ಉಣ್ಣೆಯು ಕತ್ತರಿಸಿದ ಕೂಲಿಗೂ ಸಾಲದೆ ತಿಪ್ಪೆಗೆ ಬಿದ್ದಿತು. ಮಾಂಸದ ತೂಕವೊಂದಕ್ಕೇ ಬೆಲೆಯುಳ್ಳ ಸಂತೆಯಲ್ಲಿ ಬಡವನು ತೂಕವನ್ನೇ ಬೆಳೆಸುವನು. ತುಪ್ಪಟವಿಲ್ಲದ ಕುರಿಯು ಬಯಲಿನ ಮಳೆಚಳಿಗೆ ಬೇಗನೆ ಸೋಲುವುದೆಂದು ಬಲ್ಲವನಾದರೂ, ಸಾಲಗಾರನು ಬಾಗಿಲಿಗೆ ಬಂದು ನಿಂತಾಗ ಅವನೇನು ಮಾಡಬೇಕು? ಕೊರಳನ್ನು ಬಿಗಿದು, ಇವನು ತಾನಾಗಿಯೇ ಉಸಿರು ಬಿಟ್ಟನೆನ್ನುವುದು ನ್ಯಾಯವಲ್ಲ.

ಎರಡನೆಯದು ಕೊಟ್ಟಿಗೆಯ ವಿಷಯ. ೨೦೨೧ರಲ್ಲಿ ಹೊಸ ರೂಪ ತಾಳಿದ ರಾಷ್ಟ್ರೀಯ ಜಾನುವಾರು ಮಿಷನ್ನು, ೫೦೦ ಹೆಣ್ಣು ೨೫ ಗಂಡು ಕುರಿ ಅಥವಾ ಆಡುಗಳ ಘಟಕಕ್ಕೆ ವೆಚ್ಚದ ಅರ್ಧದಷ್ಟನ್ನು, ೫೦ ಲಕ್ಷ ರೂಪಾಯಿಗಳ ಮಿತಿಯಲ್ಲಿ, ಸಹಾಯಧನವಾಗಿ ಕೊಡುವುದೆಂದು ಸಾರಿತು. ಮಿಕ್ಕ ಹಣವನ್ನು ಅರ್ಜಿದಾರನು ತಾನೇ ತರಬೇಕು, ಇಲ್ಲವೆ ಬ್ಯಾಂಕಿನಿಂದ ಪಡೆಯಬೇಕು. ಕೊಟ್ಟಿಗೆಗೂ ಮೇವಿಗೂ ನೆಲ ಬೇಕು. ವರ್ಷದಲ್ಲಿ ಅನೇಕ ತಿಂಗಳು ಊರು ಬಿಟ್ಟಿರುವ ಕುರುಬನಲ್ಲಿ ಇವು ಎಲ್ಲಿಂದ ಬರಬೇಕು? ಹೀಗೆ ಕುರಿಯನ್ನರಿತವನಿಗೆ ಹಣವಿಲ್ಲ. ಹಣವುಳ್ಳವನಿಗೆ ಕುರಿಯ ಅರಿವಿಲ್ಲ. ಸಹಾಯವು ಎರಡನೆಯವನ ಮನೆಗೆ ಹೋಗುತ್ತದೆ. ಕೊಟ್ಟಿಗೆಯ ಕುರಿಗೆ ನೀರೆರೆದು ಬೆಳೆಸಿದ ಮೇವು ಬೇಕು. ಬಯಲಿನಲ್ಲಿ ಬಿಟ್ಟಿಯಾಗಿ ದೊರೆಯುವುದನ್ನು ಬಿಟ್ಟು, ಬಾವಿಯ ನೀರಿನಿಂದ ಹುಲ್ಲು ಬೆಳೆದು ಕುರಿಗೆ ಹಾಕುವುದು, ಅಂತರ್ಜಲ ಇಳಿಯುತ್ತಿರುವ ನಾಡಿನಲ್ಲಿ, ಯಾವ ವಿಜ್ಞಾನ?

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಹುಲ್ಲಿನ ವಿಷಯ. ಹೈದರಾಬಾದು ಸಂಸ್ಥಾನದ ಕಾಲದಿಂದಲೂ ಈ ಭಾಗದ ಹಳ್ಳಿಗಳಲ್ಲಿ ಗೈರಾಣ ಎಂಬ ಸಾರ್ವಜನಿಕ ಭೂಮಿ ಇರುವುದು. ಹಳೆಯ ಮೈಸೂರಿನವರು ಅದನ್ನೇ ಗೋಮಾಳವೆನ್ನುವರು. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳ ೯೭ನೆಯ ನಿಯಮದಂತೆ ೧೦೦ ದನಗಳಿಗೆ ೩೦ ಎಕರೆ ಗೋಮಾಳವನ್ನು ಕಾಯ್ದಿಡತಕ್ಕದ್ದು. ನಿಯಮ ಚೆನ್ನಾಗಿದೆ. ಆದರೆ ಒಂದು ಕೈಯಿಂದ ಕಾಯ್ದಿಟ್ಟುದನ್ನು ಇನ್ನೊಂದು ಕೈಯಿಂದ ಬಿಟ್ಟುಕೊಡುವುದೂ ನಡೆದಿದೆ: ಬಗರ್‌ಹುಕುಂ ಸಾಗುವಳಿಯ ಸಕ್ರಮ, ಕಟ್ಟಡಗಳು, ಕಾರ್ಖಾನೆಗಳು, ನೆಡುತೋಪುಗಳು. ಗ್ರಾಮದ ಸಾರ್ವಜನಿಕ ಭೂಮಿಗಳ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರ ಜನವರಿಯಲ್ಲಿ, ಪಂಜಾಬಿನ ಒಂದು ವ್ಯಾಜ್ಯದಲ್ಲಿ, ಎಲ್ಲ ರಾಜ್ಯಗಳಿಗೂ ಆಜ್ಞೆ ಮಾಡಿತು. ಅದರಿಂದ ತೆರವಾದುದೆಷ್ಟು, ಉಳಿದುದೆಷ್ಟು ಎಂಬುದನ್ನು ಆಯಾ ಊರಿನ ಕುರುಬನು ಬೆರಳೆಣಿಸಿ ಹೇಳಬಲ್ಲನು.

ಈ ಅನಾಹುತದ ಮೂಲವು ‘ಬಂಜರು’ ಎಂಬ ಒಂದು ಶಬ್ದದಲ್ಲಿದೆ. ಉಳದ ನೆಲವೂ ಮರವಿಲ್ಲದ ನೆಲವೂ ದಫ್ತರದಲ್ಲಿ ಬಂಜರು. ಮಳೆ ಬಿದ್ದೊಡನೆ ಹುಲ್ಲು ಚಿಗುರಿ, ಹಿಂಡುಗಳನ್ನೂ ಕೃಷ್ಣಮೃಗಗಳನ್ನೂ ಪೊರೆಯುವ ದಿನ್ನೆಯನ್ನು ಬಂಜೆಯೆಂದು ಕರೆಯುವುದು, ಮಕ್ಕಳುಳ್ಳ ತಾಯಿಯನ್ನು ಬಂಜೆಯೆಂದು ಬಯ್ದಂತೆ. ಆದರೆ ಆ ಹೆಸರು ಬಿದ್ದ ಮೇಲೆ ನೆಲವನ್ನು ಯಾರಿಗೆ ಕೊಟ್ಟರೂ ಉಪಕಾರವೇ ಆಗಿ ತೋರುವುದು. ೧೯೮೪ರಲ್ಲಿ ಕರ್ನಾಟಕ ಸರಕಾರವು ಹರಿಹರದ ನಾರಿನ ಕಾರ್ಖಾನೆಯೊಡನೆ ಪಾಲುಗೂಡಿ ಒಂದು ಸಂಸ್ಥೆಯನ್ನು ಕಟ್ಟಿ, ಸುಮಾರು ೭೫,೦೦೦ ಎಕರೆ ಸಾರ್ವಜನಿಕ ಭೂಮಿಯಲ್ಲಿ ನೀಲಗಿರಿಯನ್ನು ಬೆಳೆಯಲು ಹೊರಟಿತು. ೧೯೮೭ರ ನವೆಂಬರಿನಲ್ಲಿ ಧಾರವಾಡ ಸೀಮೆಯ ಕುಸನೂರಿನ ಜನರು ಆ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟು ಸತ್ಯಾಗ್ರಹ ಮಾಡಿದರು. ಮುಂದೆ ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ ಮುಚ್ಚಿಹೋಯಿತು. ಪಾಠವನ್ನು ಕಲಿತರೆ? ೨೦೦೯ರಿಂದಾಚೆಗೆ ಚಳ್ಳಕೆರೆಯ ಬಳಿಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು ೧೦,೦೦೦ ಎಕರೆಯನ್ನು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮೊದಲಾದವುಗಳ ಸಂಸ್ಥೆಗಳಿಗೆ ಹಂಚಲಾಯಿತು. ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದವರು ಗೋಡೆ ಎದ್ದ ಮೇಲೆಯೇ ತಮ್ಮ ಹುಲ್ಲು ಹೋದುದನ್ನು ತಿಳಿದರು.

ಬೀದರಿನ ನೆರೆಯ ತೆಲಂಗಾಣದ ಕಥೆ ಇನ್ನೊಂದು ಬಗೆಯದು. ೨೦೧೭ರಲ್ಲಿ ಅಲ್ಲಿಯ ಸರಕಾರವು ಗೊಲ್ಲ ಕುರುಮ ಕುಟುಂಬಗಳಿಗೆ ಶೇಕಡ ೭೫ರ ಸಹಾಯಧನದೊಡನೆ ೨೦ ಕುರಿ, ೧ ಟಗರು ಹಂಚತೊಡಗಿತು. ೨೦೧೯ರ ಜಾನುವಾರು ಗಣತಿಯಲ್ಲಿ ೧.೯೧ ಕೋಟಿ ಕುರಿಗಳೊಡನೆ ತೆಲಂಗಾಣವು ದೇಶಕ್ಕೆ ಮೊದಲನೆಯದಾಯಿತು, ಕರ್ನಾಟಕದಲ್ಲಿ ೧.೧೧ ಕೋಟಿ. ಎಣಿಕೆ ಬೆಳೆಯಿತು; ಆದರೆ ಕುರಿಯೊಡನೆ ಒಂದು ಎಕರೆ ಹುಲ್ಲನ್ನಾದರೂ ಹಂಚಿದರೆ? ಬಾಯಿಯನ್ನು ಕೊಟ್ಟು ತುತ್ತನ್ನು ಕೊಡದ ಔದಾರ್ಯಕ್ಕೆ ಏನೆನ್ನಬೇಕು?

ಈಗ ಎದುರುವಾದವನ್ನು ಕೇಳಬೇಕು. ‘ಕುರಿ ಮೇಕೆಗಳೇ ನೆಲವನ್ನು ಬೋಳು ಮಾಡುವುವು, ಎಲ್ಲರದೂ ಆದ ನೆಲ ಯಾರದೂ ಆಗದೆ ಹಾಳಾಗುವುದು’ ಎಂಬುದು ಹಳೆಯ ವಾದ. ಅಮೇರಿಕದ ಗ್ಯಾರೆಟ್ ಹಾರ್ಡಿನ್ ಎಂಬ ಪಂಡಿತನು ೧೯೬೮ರಲ್ಲಿ ಇದನ್ನು ಸೂತ್ರಪ್ರಾಯವಾಗಿ ಬರೆದು ಪ್ರಸಿದ್ಧನಾದನು. ಆದರೆ ತನ್ನ ಮಾತು ನಿಯಮವಿಲ್ಲದ ಸಾರ್ವಜನಿಕ ಭೂಮಿಗಷ್ಟೇ ಸಲ್ಲುವುದೆಂದು ಮುಂದೆ ಅವನೇ ತಿದ್ದಿಕೊಂಡನು. ಊರೊಟ್ಟಿನ ಭೂಮಿಯನ್ನು ಊರವರು ತಾವೇ ಕಟ್ಟು ಮಾಡಿಕೊಂಡು ಕಾಪಾಡಬಲ್ಲರೆಂದು ನಾನಾ ದೇಶಗಳ ನಿದರ್ಶನಗಳಿಂದ ತೋರಿಸಿದ ಎಲಿನೋರ್ ಆಸ್ಟ್ರಮ್ ಎಂಬ ವಿದುಷಿಗೆ ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಹೆಚ್ಚು ಮೇಯಿಸಿದರೆ ನೆಲ ಕೆಡುವುದು ದಿಟ. ಆದರೆ ಹಿಂಡು ಒಂದೇ ಕಡೆ ನಿಂತಾಗ ಅದು ಹೆಚ್ಚುವುದು. ನಡೆದಾಗ ನೆಲಕ್ಕೆ ಬಿಡುವು ದೊರೆಯುವುದು. ಹತ್ತು ಊರುಗಳ ಹುಲ್ಲಿನಲ್ಲಿ ಆರನ್ನು ಕಿತ್ತುಕೊಂಡು, ಉಳಿದ ನಾಲ್ಕರಲ್ಲಿ ಹಿಂಡು ಗುಂಪುಗೂಡಿದಾಗ, ನೆಲ ಬೋಳಾಯಿತೆಂದು ಕುರುಬನನ್ನೇ ದೂರುವುದು ಎಂಥ ತರ್ಕ!

ಅರಣ್ಯದ ವಿಷಯದಲ್ಲಿಯೂ ಇದೇ ಆತುರ. ೨೦೨೫ರ ಜೂನಿನಲ್ಲಿ ಮಲೆಮಹದೇಶ್ವರ ಬೆಟ್ಟದ ವನ್ಯಧಾಮದಲ್ಲಿ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ವಿಷದಿಂದ ಸತ್ತವು. ಅದು ಅಕ್ಷಮ್ಯವಾದ ಕೃತ್ಯ. ಮಾಡಿದವರಿಗೆ ಶಿಕ್ಷೆ ಆಗತಕ್ಕದ್ದೇ. ಆದರೆ ಮರುತಿಂಗಳು ರಾಜ್ಯದ ಅರಣ್ಯಸಚಿವರು ಕಾಡುಗಳಲ್ಲಿ ದನಕುರಿಗಳ ಮೇಯಿಸುವಿಕೆಯನ್ನು ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಪ್ರತಿಭಟನೆ ಎದ್ದ ಮೇಲೆ ವಿವರಣೆ ಬಂದಿತು. ಒಂದು ಬೆಟ್ಟದ ಅಪರಾಧಕ್ಕೆ ರಾಜ್ಯದ ಕುರುಬರೆಲ್ಲ ಹೊಣೆಯೆ? ೨೦೦೬ರ ಅರಣ್ಯಹಕ್ಕುಗಳ ಕಾನೂನು ಅಲೆಮಾರಿ ಪಶುಪಾಲಕರ ಋತುಕಾಲಿಕ ಮೇವಿನ ಹಕ್ಕನ್ನು ಸ್ಪಷ್ಟವಾಗಿ ಹೆಸರಿಸಿದೆ. ಆದರೆ ಪರಿಶಿಷ್ಟ ವರ್ಗಕ್ಕೆ ಸೇರದವರು ೭೫ ವರ್ಷಗಳ ನೆಲಸಿಕೆಯನ್ನು ತೋರಿಸಬೇಕೆಂದೂ ಅದೇ ಕಾನೂನು ಹೇಳುವುದು. ಅಲೆಯುವುದನ್ನೇ ಹಕ್ಕೆಂದು ಒಪ್ಪಿ, ನೆಲಸಿದುದಕ್ಕೆ ಸಾಕ್ಷಿ ಕೇಳಿದರೆ, ಕುರುಬನು ಯಾವ ಕಚೇರಿಯಿಂದ ಕಾಗದ ತರಬೇಕು?

ಕುರುಬನಿಗೆ ಎಲ್ಲವೂ ತಿಳಿದಿದೆಯೆಂದು ಯಾರೂ ಹೇಳುವುದಿಲ್ಲ. ಕರುಳುಬೇನೆ, ಸಿಡುಬು, ನೀಲಿನಾಲಗೆ ಬಂದಾಗ ಒಂದೇ ವಾರದಲ್ಲಿ ಹಿಂಡು ಕರಗುವುದುಂಟು. ಅಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಸಂಸ್ಥೆಯಲ್ಲಿ ತಯಾರಾಗುವ ಲಸಿಕೆಯೇ ಗತಿ. ಆ ಉಪಕಾರವನ್ನು ಮರೆಯಲಾಗದು. ಆದರೆ ಲಸಿಕೆಯ ಇತಿಹಾಸವೂ ಇದನ್ನೇ ಹೇಳುವುದು. ದೊಡ್ಡರೋಗವೆಂಬ ದನಗಳ ಮಾರಿಯು ಜಗತ್ತಿನಿಂದ ತೊಲಗಿತೆಂದು ೨೦೧೧ರಲ್ಲಿ ಸಾರಲಾಯಿತು. ಆಫ್ರಿಕದ ಕೊನೆಯ ನೆಲೆಗಳಲ್ಲಿ ಅದನ್ನು ಹುಡುಕಿ ತೆಗೆದವರು ಪಶುಪಾಲಕರೇ. ರೋಗದ ಲಕ್ಷಣವನ್ನು ಅವರು ಮೊದಲೇ ಬಲ್ಲವರಾಗಿದ್ದರು, ಲಸಿಕೆ ಹಾಕುವುದನ್ನು ಅವರಿಗೇ ಕಲಿಸಲಾಯಿತು. ಪ್ರಯೋಗಶಾಲೆಯೂ ಹಿಂಡಿನ ದಾರಿಯೂ ಕೂಡಿದಾಗ ಗೆಲುವಾಯಿತು. ಬೇಕಾದುದು ಈ ಕೂಟ. ಒಂದು ಇನ್ನೊಂದನ್ನು ನುಂಗುವುದಲ್ಲ.

ಈ ರೋಗ ಬಡದೇಶಗಳದೊಂದೇ ಅಲ್ಲ. ಸಿರಿವಂತ ಸರಕಾರವೂ ಇದೇ ತಪ್ಪನ್ನು ಮಾಡಿದೆ. ನಾರ್ವೆ ದೇಶದ ಉತ್ತರದಲ್ಲಿ ಸಾಮಿ ಎಂಬ ಜನರು ಹಿಮದ ನಡುವೆ ಹಿಮಸಾರಂಗಗಳ ಹಿಂಡುಗಳನ್ನು ಕಾಯುವರು. ಬೀಜ ಒಡೆದ ದೊಡ್ಡ ಗಂಡುಗಳನ್ನೂ ಬೇರೆ ಬೇರೆ ಬಣ್ಣದ, ವಯಸ್ಸಿನ ಪ್ರಾಣಿಗಳನ್ನೂ ಕೂಡಿಸಿದ ಹಿಂಡನ್ನೇ ಅವರು ಚೆಲುವಾದ ಹಿಂಡೆನ್ನುವರು. ಏಕೆಂದರೆ ಗಟ್ಟಿಯಾದ ಹಿಮವನ್ನು ಕಾಲಿನಿಂದ ಅಗೆದು ಮೇವನ್ನು ತೆರೆಯುವವು ಆ ಗಂಡುಗಳೇ. ಅಧಿಕಾರಿಗಳಿಗೆ ಅವು ಮರಿ ಹಾಕದ, ಮಾಂಸ ಹೆಚ್ಚದ ದಂಡದ ಪ್ರಾಣಿಗಳಾಗಿ ಕಂಡವು. ೨೦೦೭ರ ಕಾನೂನಿನ ಮೇರೆಗೆ ಹಿಂಡುಗಳನ್ನು ಇಳಿಸುವ ಆಜ್ಞೆಗಳಾದವು. ತನ್ನ ಹಿಂಡನ್ನು ೭೫ಕ್ಕೆ ಇಳಿಸಿದರೆ ಬದುಕುವುದೆಂತೆಂದು ಕೇಳಿದ ತರುಣ ಸಾಮಿಯೊಬ್ಬನು ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದು, ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತನು. ಆದರೆ ೨೦೨೧ರಲ್ಲಿ ಅದೇ ನ್ಯಾಯಾಲಯವು, ಫೋಸೆನ್ ಎಂಬಲ್ಲಿ ಸಾಮಿಗಳ ಚಳಿಗಾಲದ ಮೇವಿನ ನೆಲದಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಲು ಕೊಟ್ಟ ಪರವಾನಗಿ ಅಸಿಂಧುವೆಂದು ತೀರ್ಪಿತ್ತಿತು. ಅಷ್ಟರಲ್ಲಿ ಯಂತ್ರಗಳು ನಿಂತುಬಿಟ್ಟಿದ್ದವು. ನ್ಯಾಯ ಬಂದಿತು, ತಡವಾಗಿ ಬಂದಿತು. ಹಿಮದ ನಾಡಿನ ಕಥೆಗೂ ಜಂಬಿಟ್ಟಿಗೆಯ ದಿನ್ನೆಯ ಕಥೆಗೂ ಭೇದವೆಷ್ಟು?

ಕೆಲವು ಒಳ್ಳೆಯ ಚಿಹ್ನೆಗಳೂ ಕಾಣುತ್ತಿವೆ. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ೨೧ನೆಯ ಜಾನುವಾರು ಗಣತಿಯಲ್ಲಿ ಪಶುಪಾಲಕರನ್ನು ಮೊದಲ ಬಾರಿಗೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಾಯಿತು. ೨೦೨೫ರಲ್ಲಿ ಕರ್ನಾಟಕದ ಶಾಸನಸಭೆಯ ಮುಂದೆ ವಲಸೆ ಕುರಿಗಾಹಿಗಳ ಕ್ಷೇಮ ಮತ್ತು ರಕ್ಷಣೆಗಾಗಿ ವಿಧೇಯಕ ಬಂದಿತು. ವಿಶ್ವಸಂಸ್ಥೆಯು ೨೦೨೬ನ್ನು ಹುಲ್ಲುಗಾವಲು ಹಾಗೂ ಪಶುಪಾಲಕರ ವರ್ಷವೆಂದು ಸಾರಿತು. ಆದರೆ ದಾರಿಯಲ್ಲಿ ಕುರುಬನನ್ನು ಹೊಡೆಯಬಾರದೆಂಬ ಕಾನೂನು ಮಾಡಿ, ಅವನು ನಡೆಯುವ ದಾರಿಯನ್ನೇ ಉಳಿಸದಿದ್ದರೆ ಫಲವೇನು?

ಆಗಬೇಕಾದ ಕಾರ್ಯಗಳು ಅಸಾಧ್ಯವಾದವಲ್ಲ. ಪ್ರತಿ ಗ್ರಾಮದ ಗೈರಾಣವನ್ನು ಅಳೆದು, ಅದರ ಎಲ್ಲೆಯನ್ನು ಪಂಚಾಯತಿಯ ಗೋಡೆಯ ಮೇಲೆ ಬರೆಯಿಸಬೇಕು. ಹುಲ್ಲುನೆಲಕ್ಕೆ ಬಂಜರೆಂಬ ಹೆಸರನ್ನು ದಫ್ತರದಿಂದ ತೆಗೆಯಬೇಕು. ಹಿಂಡು ನಡೆಯುವ ದಾರಿಗಳನ್ನೂ ನೀರಿನ ತಾಣಗಳನ್ನೂ ಕುರುಬರ ಬಾಯಿಂದ ಕೇಳಿ ನಕಾಶೆಯಲ್ಲಿ ಗುರುತಿಸಬೇಕು. ದಖನಿಯ ಒಳ್ಳೆಯ ಟಗರುಗಳನ್ನು ಕುರುಬರ ಹಿಂಡುಗಳಲ್ಲಿಯೇ, ಅವರೇ ಆರಿಸಿದಂತೆ, ಉಳಿಸಿ ಬೆಳೆಸಲು ನೆರವಾಗಬೇಕು. ಸರಕಾರದ ವಸತಿನಿಲಯಗಳೂ ಆಸ್ಪತ್ರೆಗಳೂ ಕೊಳ್ಳುವ ಹೊದಿಕೆಗಳಲ್ಲಿ ಒಂದು ಪಾಲನ್ನು ಕಂಬಳಿಗೆ ಮೀಸಲಿಟ್ಟರೆ, ತಿಪ್ಪೆಗೆ ಬೀಳುವ ಉಣ್ಣೆ ಮಗ್ಗಕ್ಕೆ ಏರುವುದು. ಲಸಿಕೆಯ ವೈದ್ಯನು ಹಿಂಡಿದ್ದಲ್ಲಿಗೆ ಹೋಗಬೇಕೇ ಹೊರತು ಹಿಂಡು ದವಾಖಾನೆಗೆ ಬರಲಾಗದು. ಎಲ್ಲಕ್ಕೂ ಮೊದಲು, ಕುರಿಯ ವಿಷಯವನ್ನು ನಿರ್ಣಯಿಸುವ ಸಮಿತಿಗಳಲ್ಲಿ ಹಿಂಡಿನೊಡನೆ ನಡೆಯುವ ಗಂಡಸರೂ ಉಣ್ಣೆ ನೂಲುವ ಹೆ೦ಗಸರೂ ಕೂತು ಮಾತಾಡಬೇಕು.

ಇದು ಹೊಸ ನಾಡಿನಿಂದ ಕಲಿಯಬೇಕಾದ ಪಾಠವಲ್ಲ. ಬೇಮಳಖೇಡಕ್ಕೆ ದೂರವಲ್ಲದ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ದನ ಕಾಯುವ ಕಾಯಕದ ತುರುಗಾಹಿ ರಾಮಣ್ಣನು ಶರಣರ ನಡುವೆ ಕುಳಿತು ವಚನ ಹೇಳಿದನು. ಅವನ ಕಾಯಕವು ಅವನ ಅರಿವಿಗೆ ಅಡ್ಡಿಯೆಂದು ಆ ಸಭೆಯು ಬಗೆಯಲಿಲ್ಲ. ಆ ಪರಂಪರೆಯನ್ನು ಉತ್ಸವಗಳಲ್ಲಿ ಕೊಂಡಾಡುವ ಜಿಲ್ಲೆಯಲ್ಲಿ, ಇಂದು ಗೈರಾಣವನ್ನು ಹಂಚುವ ಕಚೇರಿಯ ಬಾಗಿಲಿನ ಹೊರಗೆ ಕುರುಬನು ಕಂಬಳಿ ಹೊದ್ದು ನಿಂತಿರಬೇಕೆ? ವಿದ್ಯಾವಂತರ ಮನೆಗಳಲ್ಲಿ ಈ ಪ್ರಶ್ನೆ ಏಳಲಿ. ಗ್ರಾಮಸಭೆಯಲ್ಲಿ ಗೈರಾಣದ ಅಳತೆಯನ್ನು ಅವರು ಕೇಳಲಿ. ಹುಲ್ಲು ಹೋದ ಮೇಲೆ ಕುರಿ ಹೋಗುವುದು. ಕುರಿ ಹೋದ ಮೇಲೆ ಆ ಅರಿವೂ ಹೋಗುವುದು. ಅದನ್ನು ಮರಳಿ ತರಿಸಲು ಯಾವ ದೇಶದ ಟಗರೂ ಒದಗದು.